ಫರ್ಸಿ ಕಲ್ಲಿನ ಇಂಚು

ಶಹಾಬಾದಿನ ಕಲ್ಲು ಪಾಲಿಶ್ ಮಾಡುವ ಅಂಗಳಕ್ಕೆ ಬಂದರೆ ಅತೀಯಾ ಮೊದಲು ಲ್ಯಾಪ್‌ಟಾಪಿಗೆ ದುಪಟ್ಟಾ ಸುತ್ತುತ್ತಾಳೆ. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ದೂಳು ಯಂತ್ರವನ್ನೇ ತಿನ್ನುತ್ತದೆ. ಒಂದನ್ನು ಈಗಾಗಲೇ ತಿಂದಿದೆ.

ಫರ್ಸಿಯ ಅಳತೆ ಹಿಡಿದು ಕೂಲಿಯನ್ನೂ ಗಿರಾಕಿಯ ಬಿಲ್ಲನ್ನೂ ತೆಗೆಯುವ ಸಾಫ್ಟ್‌ವೇರ್ ಅವಳೊಬ್ಬಳೇ ಬರೆದದ್ದು. ಶಹಾಬಾದ್, ವಾಡಿ, ಚಿತ್ತಾಪುರದ ಅಂಗಳಗಳೇ ಅವಳ ಪೂರ್ತಿ ಮಾರುಕಟ್ಟೆ. ಅದನ್ನು ಕೊಂಡವನು ಮಾಲೀಕರ ಸಂಘದ ಅಧ್ಯಕ್ಷ ರೇವಣಸಿದ್ದಯ್ಯ ಒಬ್ಬನೇ. ಉಳಿದವರಿಗೆ ಅವನೇ ಪೆನ್‌ಡ್ರೈವಿನಲ್ಲಿ ಹಂಚಿದ್ದ.

"ನನ್ನ ಮಾಲು ಉರುಸಿನ ಮಲೀದಾ ಹಂಚಿದಂಗ ಪುಕ್ಕಟೆ ಹಂಚೀರಲ್ಲರಿ?" ಎಂದು ಅತೀಯಾ ಕೇಳಿದಳು.

"ನಿಂಗೇ ಹೆಸರು ಬಂತಲ್ಲವಾ," ರೇವಣಸಿದ್ದಯ್ಯ ನಕ್ಕ. "ಕುಂದ್ರು. ಒಂದು ಸಣ್ಣ ಕೆಲಸ ಅದ. ಮಾಡಿಕೊಟ್ಟರ ಎಲ್ಲಾ ಅಂಗಳದವರೂ ವರ್ಷಾ ರೊಕ್ಕಾ ಕಟ್ತಾರ. ನಂದು ಜುಬಾನ್, ಕೊಟ್ಟ ಮಾತು."

ಅವನು ಹೇಳಿದ ಕೆಲಸ ಇಷ್ಟೇ: ಕಲ್ಲು ಗಿರಾಕಿಗೆ ಹೋಗುವಾಗ ಇಂಚಿಂಚೂ ಹಿಡಿಯಬೇಕು. ಕೂಲಿಯ ಲೆಕ್ಕದಲ್ಲಿ ಮಾತ್ರ ಫೂಟಿನ ಮೇಲಿನ ಇಂಚು ತಾನಾಗಿ ಬಿದ್ದುಹೋಗಬೇಕು.

"ಮೊದಲೆಲ್ಲಾ ಲೆಕ್ಕದ ಮುನೀಮ ಬಾಯಿಲೆ ಇಂಚು ಬಿಡ್ತಿದ್ದ, ಜಗಳಾ ಬರ್ತಿತ್ತು. ಕಂಪ್ಯೂಟರ್ ಬಿಟ್ರ ಯಾರ ಕೇಳ್ತಾರ?"

ಒಪ್ಪಿದರೆ ಅತೀಯಾಳ ಧಂದೆ ಉಳಿಯುತ್ತದೆ. ಇಲ್ಲದಿದ್ದರೆ ಫರ್ಸಿ ಅಳೆಯುವ ಸಾಫ್ಟ್‌ವೇರ್ ಯಾವ ಊರಿಗೆ ಬೇಕು?

"ಆಗಲ್ಲರಿ."

"ಹೈದರಾಬಾದಿನ ಸಾಫ್ಟ್‌ವೇರಿನವ ಒಬ್ಬ ಮಾಡ್ತಾನ. ನಿಂದೇ ಕಾಪಿ ಅವನ ಕೈಯಾಗ ಕೊಟ್ಟೀನಿ. ನೀ ಬಳೀ ಮಾರು, ಹೋಗು."

ಅತೀಯಾ ಹೊರಗೆ ಬಂದಳು. ಪಾಲಿಶ್ ಮಷೀನಿನ ಬಿಳಿ ಕೆಸರಲ್ಲಿ ಕೂಲಿಯ ದಾನಮ್ಮ ಮೊಣಕಾಲು ಮಟ್ಟ ನಿಂತಿದ್ದಳು.

"ಏನವಾ, ಮಾರಿ ಯಾಕ ಸುಣ್ಣಾ ಹೊಡೆದಂಗ ಆಗ್ಯಾದ? ನೀನೂ ಪಾಲಿಶ್ ಮಾಡಾಕತ್ತೀಯೇನು?"

ಅತೀಯಾ ನಗಲಿಲ್ಲ. ಒಳಗೆ ನಡೆದದ್ದನ್ನು ಅಂಗಳದ ಕೂಲಿಯವರೆಲ್ಲರಿಗೂ ಕೇಳುವಂತೆ ಹೇಳಿದಳು. ಆಮೇಲೆ, "ಫೋನ್ ತಗೀರಿ," ಎಂದಳು. ಅಳತೆಯ ಭಾಗವನ್ನಷ್ಟೇ ಒಬ್ಬೊಬ್ಬರ ಫೋನಿಗೆ ಹಾಕಿಕೊಟ್ಟಳು. "ಉದ್ದಾ ಅಗಲಾ ಹಾಕ್ರಿ, ಸಾಕು. ಒಂದ ಇಂಚೂ ಬಿಡಲ್ಲ."

"ರೊಕ್ಕಾ ಎಷ್ಟವಾ?"

"ನಿಮಗ ಇಲ್ಲ."

ರೇವಣಸಿದ್ದಯ್ಯ ಬಾಗಿಲಿಗೆ ಓಡಿಬಂದ. "ಏ ಹುಡುಗೀ! ಇನ್ನ ಮ್ಯಾಲ ಇಲ್ಲೂ, ವಾಡಿ, ಚಿತ್ತಾಪುರದ ಯಾವ ಅಂಗಳದಾಗೂ ನಿನಗ ಕಾಲಿಡಗೊಡಲ್ಲ!"

ಅವನು ಹೇಳಿದಂತೆ ಮಾಡಬಲ್ಲ. ಅದು ಅವಳಿಗೂ ಗೊತ್ತಿತ್ತು.

ದಾನಮ್ಮ ಮಷೀನ್ ಬಂದ್ ಮಾಡಿದಳು. ಪಕ್ಕದ್ದೂ ನಿಂತಿತು. ಅದರಾಚೆಯದೂ ನಿಂತಿತು.

"ಸಾವ್ಕಾರ, ಅಕೀಗಿ ಒದರಬ್ಯಾಡ್ರಿ. ಇಲ್ಲಿ ನೋಡ್ರಿ," ದಾನಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿ ಫೋನ್ ಎತ್ತಿ ಹಿಡಿದಳು. "ನಮ್ಮ ಕೂಲಿ ಅಳತಿ ನಿಮ್ಮ ಕಂಪ್ಯೂಟರೂ ಹೇಳಲಿ, ಇದೂ ಹೇಳಲಿ. ಎರಡೂ ಒಂದ ಅಂದ ಮ್ಯಾಲೇ ಕಲ್ಲು ಲಾರಿ ಹತ್ತತಾವ."