ಪಾನಕದ ಅಚ್ಚುತ

ಸುಳ್ಯದಿಂದ ಪುತ್ತೂರಿಗೆ ಹೋಗುವ ದಾರಿ ಎಂದರೆ ಬಸ್ಸುಗಳೇ ಏದುಸಿರು ಬಿಡುವ ದಾರಿ. ಎಂಬತ್ತೆರಡರ ಗಣರಾಜ್ಯೋತ್ಸವದ ಓಟದಲ್ಲಿ ಅಚ್ಚುತ ಆ ದಾರಿಯಲ್ಲಿ ಕುಂಬ್ರದವರೆಗೂ ಎಲ್ಲರಿಗಿಂತ ಮುಂದಿದ್ದ. ತನ್ನದೇ ಊರಾದ ಕುಂಬ್ರದಲ್ಲಿ, ಗೆಳೆಯ ಪೋಕರನ ಸೋಡಾ ಅಂಗಡಿಯ ಎದುರಲ್ಲೇ, ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟ. ಕೂತವನು ವಾಂತಿಯನ್ನೂ ಮಾಡಿದ. ಹಿಂದಿನಿಂದ ಬಂದವರು ಒಬ್ಬೊಬ್ಬರೇ ಅವನನ್ನು ಬಳಸಿಕೊಂಡು, ಕಾಲಿಗೆ ತಾಗದಂತೆ ಜಾಗ್ರತೆ ಮಾಡಿ, ಮುಂದೆ ಹೋದರು.

ಕಾಲು ಸೋತದ್ದಲ್ಲ, ಎದೆ ಸೋತದ್ದೂ ಅಲ್ಲ. ಅವನನ್ನು ಕೂರಿಸಿದ್ದು ಮರ್ಯಾದೆ. ಬಿಸಿಲಲ್ಲಿ ಬಂದವನಿಗೆ ಬೆಲ್ಲ ನೀರು ಕೊಡದೆ ಕಳಿಸುವ ಮನೆ ಈ ಕಡೆ ಇಲ್ಲ. ಕೊಟ್ಟದ್ದನ್ನು ಬೇಡ ಎಂದವನು ಆಮೇಲೆ ಆ ಜಗಲಿ ಹತ್ತುವ ಹಾಗೂ ಇಲ್ಲ. ಕಾವು ಎಂಬ ಊರಿನಿಂದ ಈಚೆಗೆ ಮಾರ್ಗದ ಬದಿಯ ಮನೆಯವರೆಲ್ಲ ಅವನಿಗೆ ಒಂದಲ್ಲ ಒಂದು ರೀತಿಯಲ್ಲಿ ಬೇಕಾದವರು. ನಮ್ಮ ಹುಡುಗ ಓಡಿಕೊಂಡು ಬರುತ್ತಾನೆ ಎಂದು ಮನೆಮನೆಯವರೂ ಚೊಂಬು ಹಿಡಿದು ಮಾರ್ಗಕ್ಕೆ ಬಂದಿದ್ದರು. ಅವನ ಅಪ್ಪನ ತಂಗಿ ಸೀತು ಅತ್ತೆ ಶುಂಠಿ, ಏಲಕ್ಕಿ ಗುದ್ದಿ ಹಾಕಿ ಪಾನಕವನ್ನೇ ಮಾಡಿದ್ದಳು. ಅವಳದ್ದು ಪಾನಕ, ಮುಂದಿನ ಮನೆಯದ್ದು ಮಜ್ಜಿಗೆ, ತಿರುವಿನಾಚೆ ಜೈನಬಮ್ಮನ ಲಿಂಬೆ ಶರಬತ್ತು. ಒಬ್ಬರದ್ದು ಕುಡಿದು ಇನ್ನೊಬ್ಬರದ್ದು ಬಿಡುವುದು ಹೇಗೆ? ಅಚ್ಚುತ ಯಾರಿಗೂ ಇಲ್ಲ ಎನ್ನಲಿಲ್ಲ.

ಅವತ್ತು ಪುತ್ತೂರಿನ ಕಿಲ್ಲೆ ಮೈದಾನದಲ್ಲಿ ಮೈಕಿನವನು, ಕುಂಬ್ರದ ಅಚ್ಚುತ ಪಾನಕ ಕುಡಿಯುವ ಸ್ಪರ್ಧೆಯಲ್ಲಿ ಪ್ರಥಮ ಎಂದು ಸಾರಿದನಂತೆ. ಜನ ಬಿದ್ದು ಬಿದ್ದು ನಕ್ಕರಂತೆ. ಆ ಹೆಸರು ಮರುದಿನವೇ ಬಸ್ಸು ಹತ್ತಿ ಊರಿಗೆ ಬಂತು. ಪಾನಕದ ಅಚ್ಚುತ.

ಅವನು ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕಡಿದು ಲಾರಿಗೆ ತುಂಬುವವನು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ದಡ್ಡನಾಗಿ ಬಿಟ್ಟದ್ದಲ್ಲ, ಅಪ್ಪ ತೀರಿಕೊಂಡ, ಮನೆಯಲ್ಲಿ ಒಲೆ ಉರಿಯಬೇಕಿತ್ತು, ಬಿಟ್ಟ. ಓದಿದವರ ಎದುರು ನಿಲ್ಲುವಾಗ ತನ್ನದು ಎಂದು ಹೇಳಿಕೊಳ್ಳಲು ಅವನಿಗಿದ್ದದ್ದು ಎರಡು ಕಾಲು. ಈಗ ಅವುಗಳ ಮೇಲೆಯೂ ನಗು. ಲಾರಿ ಡ್ರೈವರುಗಳು ಕೋರೆಯ ಮೇಲೆ ನಿಂತು ಹಾರ್ನ್ ಹೊಡೆದು, ಪಾನಕ ಉಂಟಾ ಎಂದು ಕೇಳುತ್ತಿದ್ದರು. ಒಬ್ಬನ ಕಾಲರ್ ಹಿಡಿದ ದಿನ ಮೇಸ್ತ್ರಿ ಡೊಂಬಯ್ಯ, ಮಂಡೆ ತಣ್ಣಗಾದ ಮೇಲೆ ಬಾ ಎಂದು ಅವನನ್ನು ಮನೆಗೆ ಕಳಿಸಿದ.

ಮನೆಗೆ ಹೋಗುವ ದಾರಿಯಲ್ಲಿ ಪೋಕರನ ಅಂಗಡಿ. ಪೋಕರ್ ಕಥೆಯನ್ನೆಲ್ಲ ಕೇಳಿ, ಲಿಂಬೆ ಹಿಂಡುತ್ತಾ ಹೇಳಿದ:

"ಡ್ರೈವರನ ಕಾಲರ್ ಹಿಡಿದು ಎಂತ ಸಿಗ್ತದೆ ಮಾರಾಯ? ಇನ್ನೊಮ್ಮೆ ಓಡು. ಆದರೆ ಕುಡಿಯುದು ಎಂತ ಅಂತ ಮೊದಲೇ ತೀರ್ಮಾನ ಮಾಡುವ. ಒಂದೇ. ಬೇರೆ ಯಾರು ಕೊಟ್ಟರೂ ಇಲ್ಲ."

"ಅತ್ತೆ ಕೊಟ್ಟರೆ?"

"ಅತ್ತೆ ಕೊಟ್ಟರೂ ಇಲ್ಲ."

ಓಡುವುದು ಅವನಿಗೆ ಕಷ್ಟವಲ್ಲ. ಈ ಮಾತು ಕಷ್ಟ.

ಮಳೆಗಾಲ ಕಳೆದದ್ದೇ ಅಭ್ಯಾಸ ಶುರುವಾಯಿತು. ಕೋರೆಯ ಕೆಲಸ ಬಿಟ್ಟ ಮೇಲೆ ಅಚ್ಚುತ ಕುಂಬ್ರದಿಂದ ಕಾವಿಗೆ ಓಡುವುದು, ಅಲ್ಲಿಂದ ತಿರುಗಿ ಬರುವುದು. ಹಿಂದಿನಿಂದ ಸೈಕಲಿನಲ್ಲಿ ಪೋಕರ್, ಹ್ಯಾಂಡಲಿಗೆ ನೇತುಹಾಕಿದ ಚೀಲದಲ್ಲಿ ಅಂದಿನ ಬಾಟ್ಲಿ. ಮೊದಲು ಅಂಗಡಿಯದ್ದೇ ಸೋಡಾ ಶರಬತ್ತು. ಚಡಾವು ಹತ್ತುವಾಗ ಒಳಗಿನ ಗ್ಯಾಸ್ ಮೇಲೆ ಬಂದು, ಅಚ್ಚುತನ ತೇಗು ಕೇಳಿ ಮಾರ್ಗದ ಬದಿಯ ನಾಯಿ ಎದ್ದು ನಿಂತಿತು. ಆಮೇಲೆ ಮೆಡಿಕಲ್ಲಿನ ಗ್ಲುಕೋಸ್ ಪುಡಿ. ಕಡಬದ ಸರ್ವೋತ್ತಮ, ಕಳೆದ ಸಲ ಗೆದ್ದ ಕಾಲೇಜು ಹುಡುಗ, ಅದನ್ನೇ ಕುಡಿಯುತ್ತಾನೆಂದು ಸುದ್ದಿ. ಕುಡಿದ ಕೂಡಲೇ ಅಚ್ಚುತನ ಕಾಲಿಗೆ ರೆಕ್ಕೆ ಬಂತು. ಸ್ವಲ್ಪ ಹೊತ್ತು. ಆಮೇಲೆ ಯಾರೋ ಕೀಲು ಕಳಚಿದ ಹಾಗೆ ಮೊಣಕಾಲು ಸಡಿಲ. ಸರ್ವೋತ್ತಮನಿಗೆ ಒಗ್ಗಿರಬಹುದು, ಇವನಿಗೆ ಒಗ್ಗಲಿಲ್ಲ. ಮಜ್ಜಿಗೆ ಹುಳಿತೇಗಾಗಿ ಗಂಟಲಿಗೆ ಬಂತು. ಎಳನೀರು ಒಳ್ಳೆಯದೇ, ಆದರೆ ಒಂದು ಪೂರ್ತಿ ಕುಡಿದರೆ ಹೊಟ್ಟೆಯಲ್ಲಿ ಕೊಡ ಹೊತ್ತ ಹಾಗೆ, ಅರ್ಧ ಕುಡಿದು ಉಳಿದದ್ದನ್ನು ಚೆಲ್ಲಿದರೆ ಪೋಕರನಿಗೆ ಸಂಕಟ. ಪುನರ್ಪುಳಿ ಹಣ್ಣಿನ ನೀರಿಗೆ ಬಾಯಾರಿಕೆ ಹೋಯಿತು, ಸುಸ್ತು ಹೋಗಲಿಲ್ಲ.

ಆಗ ಪೋಕರ್ ತನ್ನ ಮನೆಯ ಕಪಾಟಿನಿಂದ ಡಬ್ಬಿ ತೆಗೆದ. ಅಣ್ಣ ಮೂಸಕುಂಞಿ ದುಬಾಯಿಯಿಂದ ತಂದ ಕಿತ್ತಳೆ ಪುಡಿ. ಮದುವೆ ಮಾತುಕತೆಗೆ ಬಂದವರಿಗೆ ಮಾತ್ರ ಅದರ ಮುಚ್ಚಳ ತೆರೆಯುವುದು. ಪೋಕರನ ತಾಯಿ ಬೀಫಾತುಮ್ಮ ತಾವೇ ಚಮಚ ತಂದು ಕೊಟ್ಟರು. ಅಚ್ಚುತ ಅದನ್ನು ಕುಡಿದು ಓಡಿದ. ಬಾಯಿಯೆಲ್ಲ ಅಂಟು, ಕುಡಿದಷ್ಟೂ ದಾಹ, ಮೀಸೆ ಕಿತ್ತಳೆ ಬಣ್ಣ. ಎರಡನೆಯ ದಿನ ಅವನು ಅದು ಬೇಡ ಎಂದ. ಹೇಳಿದ್ದು ಮೆಲ್ಲಗೆ, ಮುಖ ತಗ್ಗಿಸಿ. ಬೀಫಾತುಮ್ಮ ಡಬ್ಬಿ ಮುಚ್ಚಿ ಮೇಲಿಟ್ಟು, ಬೇಡದ್ದನ್ನು ಬೇಡ ಅಂತ ಹೇಳಿದೆಯಲ್ಲ, ಹಾಗಾದರೆ ಗೆಲ್ಲುತ್ತಿ ಎಂದರು.

ಕೊನೆಗೆ ಸಿಕ್ಕಿದ್ದು ಅವನದ್ದೇ ಅಡುಗೆಮನೆಯಲ್ಲಿ. ಒಂದು ಸಂಜೆ ಪೋಕರ್ ಬರಲಿಲ್ಲ. ಅಚ್ಚುತ ಒಬ್ಬನೇ ಓಡಿ, ಗಂಟಲೊಣಗಿ, ಮನೆಯ ಹಿಂಬಾಗಿಲಿನಿಂದ ಒಳಹೊಕ್ಕ. ಅಮ್ಮ ಸುಂದರಿ ಹಟ್ಟಿಯಲ್ಲಿ ದನಕ್ಕೆ ಹುಲ್ಲು ಹಾಕುತ್ತಿದ್ದಳು. ಪಾತ್ರೆಯಲ್ಲಿ ಕುಚ್ಚಲಕ್ಕಿ ಗಂಜಿಯ ತಿಳಿ ಇತ್ತು, ದನಕ್ಕೆ ಕೊಡಲಿಕ್ಕೆಂದು ಬಸಿದಿಟ್ಟದ್ದು. ಅದಕ್ಕೆ ಉಪ್ಪು ಹಾಕಿದ, ಬೆಲ್ಲದ ಸಣ್ಣ ಚೂರು ಹಾಕಿ ಕದಡಿದ, ಒಂದು ಲೋಟ ಕುಡಿದು, ಪೋಕರ್ ಬಾರದ ಸಿಟ್ಟಿನಲ್ಲೇ ಇನ್ನೊಮ್ಮೆ ಮಾರ್ಗಕ್ಕಿಳಿದ. ಕಾವಿಗೆ ಹೋಗಿ ತಿರುಗಿ ಬಂದ ಮೇಲೆಯೇ ಅವನಿಗೆ ಗೊತ್ತಾದದ್ದು, ದಾರಿಯಲ್ಲಿ ಹೊಟ್ಟೆಯ ನೆನಪೇ ಬರಲಿಲ್ಲವೆಂದು. ಕೋರೆಯಲ್ಲಿ ಹತ್ತು ಗಂಟೆಗೆ ದಿನಾ ಗಂಜಿ ಉಣ್ಣುವವನು. ಆ ತಿಳಿಯ ಮೇಲೆಯೇ ಮಧ್ಯಾಹ್ನದವರೆಗೆ ಕಲ್ಲು ಹೊರುವವನು. ಅದನ್ನು ಕುಡಿಯುವ ವಸ್ತು ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಸುಂದರಿಗೆ ಇದು ಸ್ವಲ್ಪವೂ ಸೇರಲಿಲ್ಲ. ದನಕ್ಕಿಟ್ಟದ್ದನ್ನು ಮಗನಿಗೆ ಕುಡಿಸಿ ಓಡಿಸಿದಳು ಎಂದು ಊರು ಆಡಿಕೊಂಡೀತು. ಗಂಡ ಸತ್ತ ಮೇಲೆ ಅವಳು ತನ್ನ ಬಡತನವನ್ನು ಮಾರ್ಗದವರೆಗೆ ಹೋಗಲು ಬಿಟ್ಟವಳಲ್ಲ.

"ಗಂಜಿತಿಳಿ ನಮ್ಮ ಮನೆಯ ಒಳಗೆ ಇರ್ಲಿ ಮಗಾ. ಅದನ್ನು ಹಿಡ್ಕೊಂಡು ಮಾರ್ಗದಲ್ಲಿ ಮೆರವಣಿಗೆ ಹೋಗುದು ಬೇಡ."

"ವಾಂತಿ ಮಾಡಿದ್ದು ಮಾರ್ಗದಲ್ಲೇ ಅಲ್ವಾ ಅಮ್ಮ? ಆಗ ಹೋಗದ ಮರ್ಯಾದೆ ಈಗ ಎಂತ ಹೋಗುದು?"

ಅವಳು ಪಾತ್ರೆ ಎತ್ತಿಕೊಂಡು ಹಟ್ಟಿಗೆ ಹೋದಳು. ಆದರೆ ಆಮೇಲೆ ದಿನಾ ಸಂಜೆ, ದನದ ಪಾಲು ಬೇರೆ, ಅವನ ಪಾಲು ಬೇರೆ ಇರುತ್ತಿತ್ತು.

ಎಂಬತ್ತಮೂರರ ಓಟದ ಬೆಳಿಗ್ಗೆ ಸುಳ್ಯದ ಪೇಟೆಯಲ್ಲಿ ಅಚ್ಚುತನನ್ನು ಕಂಡು ಯಾರೋ, ಪಾನಕ ತಂದಿದ್ದೀಯಾ ಎಂದು ಕೂಗಿದರು. ಅವನು ತಿರುಗಿ ನೋಡಲಿಲ್ಲ. ಸರ್ವೋತ್ತಮ ಬಿಳಿ ಕ್ಯಾನ್ವಾಸ್ ಶೂ ಹಾಕಿ ನಿಂತಿದ್ದ, ಅವನ ಹಿಂದೆ ಮಾವನ ಜೀಪು. ಅಚ್ಚುತನದ್ದು ಬರಿಗಾಲು, ಹಿಂದೆ ಪೋಕರನ ಸೈಕಲ್.

ಜಾಲ್ಸೂರು ದಾಟುವವರೆಗೆ ಎಲ್ಲವೂ ಎಣಿಸಿದ ಹಾಗೆಯೇ ನಡೆಯಿತು. ಪೋಕರ್ ಮುಂದೆ ಹೋಗಿ ನೆರಳಿನಲ್ಲಿ ನಿಲ್ಲುತ್ತಿದ್ದ, ಅಚ್ಚುತ ಬಂದು ಎರಡು ಗುಟುಕು ಕುಡಿದು ಬಾಟ್ಲಿಯನ್ನು ಹಿಂದಕ್ಕೆ ಕೊಡುತ್ತಿದ್ದ. ಕನಕಮಜಲಿನ ಆಚೆ ಇಳಿಜಾರಿನಲ್ಲಿ ಒಂದು ಲಾರಿಗೆ ದಾರಿ ಬಿಡಲು ಹೋಗಿ ಪೋಕರ್ ಚರಂಡಿಗೆ ಬಿದ್ದ. ಮೊಣಕಾಲು ಒಡೆಯಿತು, ಬಾಟ್ಲಿಯೂ ಒಡೆಯಿತು. ಅಚ್ಚುತ ನಿಂತ. ಪೋಕರ್ ಬಿದ್ದಲ್ಲಿಂದಲೇ ಅವನಿಗೆ ಬ್ಯಾರಿ ಭಾಷೆಯಲ್ಲಿ ಬೈದ, ತುಳುವಿನಲ್ಲಿ ಬೈದ, ಕೊನೆಗೆ ಕನ್ನಡದಲ್ಲಿ, ನೀನು ಓಡು, ನಾನು ಹೇಗಾದರೂ ಮಾಡುತ್ತೇನೆ ಎಂದ. ಅಚ್ಚುತ ಓಡಿದ. ಬಗ್ಗಿದ ಹ್ಯಾಂಡಲಿನ ಸೈಕಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಪೋಕರ್ ತನ್ನನ್ನು ದಾಟಿ ಹೋದದ್ದು ಅವನಿಗೆ ಕಾಣಲಿಲ್ಲ. ಬಸ್ಸಿನ ಧೂಳು ಮಾತ್ರ ಕಂಡಿತು.

ಕಾವಿಗೆ ಬರುವಾಗ ಬಿಸಿಲು ಏರಿತ್ತು. ಮುಂದೆ ಸರ್ವೋತ್ತಮನ ಬೆನ್ನು, ಜೀಪು. ಅಚ್ಚುತನ ನಾಲಗೆ ಬಾಯೊಳಗೆ ಮರದ ತುಂಡಿನ ಹಾಗೆ ಬಿದ್ದಿತ್ತು. ತಿರುವು ದಾಟಿದರೆ ಸೀತು ಅತ್ತೆ, ಮಾರ್ಗದ ನಡುವಿಗೇ ಬಂದು, ಎರಡು ಕೈಯಲ್ಲಿ ಹಿತ್ತಾಳೆಯ ಚೊಂಬು. ಶುಂಠಿಯ ಪರಿಮಳ ಅವಳಿಗಿಂತ ಮೊದಲೇ ಮೂಗಿಗೆ ಬಂತು. ತೀರಿಕೊಂಡ ಅಪ್ಪನ ಮುಖವೇ ಅತ್ತೆಯ ಮುಖ. ಅವನ ಕೈ ಅವನನ್ನು ಕೇಳದೆಯೇ ಚಾಚಿತು.

ಚಾಚಿದ ಕೈಯನ್ನು ಅವನು ಅಲ್ಲಿಯೇ ಮುಗಿದ.

"ಅತ್ತೆ, ಬರುವಾಗ ಕುಡಿತೇನೆ."

ಅತ್ತೆಯ ಮುಖ ಕಪ್ಪಿಟ್ಟಿತು. ಅವಳ ಕೈಯಿಂದ ಯಾರೂ ಇಂದಿನವರೆಗೆ ಚೊಂಬನ್ನು ತುಂಬಿದ ಹಾಗೆಯೇ ಬಿಟ್ಟು ಹೋದದ್ದಿಲ್ಲ. ಹಿಂದಿನಿಂದ ಅವಳು ಏನೋ ಹೇಳಿದ್ದು ಕೇಳಿತು, ದೊಡ್ಡ ಮನುಷ್ಯನಾದೆ ಎಂಬಂಥದ್ದು. ಅವನಿಗೆ ಕಣ್ಣು ಉರಿಯಿತು, ಬೆವರು ಎಂದುಕೊಂಡ. ಮುಂದಿನ ಮನೆಗೂ ಅದೇ ಮಾತು. ಜೈನಬಮ್ಮನಿಗೂ ಅದೇ. ಬರುವಾಗ, ಬರುವಾಗ. ಪ್ರತಿ ಮನೆಯ ಮುಂದೆಯೂ ಒಂದು ಮೂಟೆ ಇಳಿಸಿದ ಹಾಗೆ, ಒಂದು ಮೂಟೆ ಹೊತ್ತ ಹಾಗೆ.

ಕುಂಬ್ರ ಪೇಟೆ ಕಾಣುವಾಗ ಕಾಲು ಬಿಗಿಯತೊಡಗಿತ್ತು. ಕಳೆದ ವರ್ಷದ ಜಾಗ ನೋಡಲಿಕ್ಕೆಂದೇ ಜನ ಸೇರಿದ್ದರು, ಸೋಡಾ ಅಂಗಡಿಯ ಎದುರು. ಅಲ್ಲಿ, ಅವನು ಕೂತು ವಾಂತಿ ಮಾಡಿದ ಅದೇ ಜಾಗದಲ್ಲಿ, ಅಮ್ಮ ನಿಂತಿದ್ದಳು. ಸೊಂಟದಲ್ಲಿ ಮಸಿ ಹಿಡಿದ ಗಂಜಿಯ ಪಾತ್ರೆ. ತೊಳೆಯಲಿಕ್ಕೂ ಸಮಯ ಸಿಕ್ಕಿರಲಿಲ್ಲ. ಪೋಕರ್ ಕುಂಟುತ್ತಾ ಬಂದು ಹೇಳಿದ ಕೂಡಲೇ ಒಲೆಯಿಂದಿಳಿಸಿ, ತಣ್ಣೀರು ಬೆರೆಸಿ, ಹಾಗೆಯೇ ಹೊತ್ತು ತಂದಿದ್ದಳು. ಪೇಟೆಗೆ ಬರುವಾಗ ಸೀರೆಯ ಸೆರಗನ್ನು ಎರಡೆರಡು ಸಲ ಸರಿ ಮಾಡುವವಳು ಇವತ್ತು ಸೆರಗನ್ನು ಸೊಂಟಕ್ಕೆ ಕಟ್ಟಿದ್ದಳು.

ಗುಂಪಿನಲ್ಲಿದ್ದ ಲಾರಿ ಡ್ರೈವರ್ ಒಬ್ಬ, ಅದೆಂತ ಸುಂದರಿಯಕ್ಕ, ದನಕ್ಕಾ ಎಂದು ಕೇಳಿದ.

"ಗಂಜಿತಿಳಿ," ಎಂದಳು ಸುಂದರಿ, ಇಡೀ ಪೇಟೆಗೆ ಕೇಳುವ ಹಾಗೆ. "ನನ್ನ ಮಗ ಕುಡಿಯುದು ಇದನ್ನೇ. ನಿನಗೂ ಬೇಕಾ?"

ಅಚ್ಚುತ ಅವಳ ಕೈಯಿಂದ ಲೋಟ ತೆಗೆದುಕೊಂಡ. ಎರಡು ಗುಟುಕು, ಮತ್ತೆ ಎರಡು. ಹೆಚ್ಚಿಲ್ಲ. ಅಮ್ಮ ಇನ್ನೂ ಸ್ವಲ್ಪ ಎನ್ನಲಿಲ್ಲ. ಅವಳ ಜೀವನದಲ್ಲಿ ಮಗನಿಗೆ ಇನ್ನೂ ಸ್ವಲ್ಪ ಎನ್ನದ ದಿನ ಅದೊಂದೇ ಇರಬೇಕು. ಅವನು ಕಳೆದ ವರ್ಷದ ಆ ಜಾಗವನ್ನು ತುಳಿದುಕೊಂಡೇ ಮುಂದೆ ಹೋದ.

ಸಂಪ್ಯದ ಚಡಾವಿನಲ್ಲಿ ಸರ್ವೋತ್ತಮ ಸಿಕ್ಕಿದ. ಒಳ್ಳೆಯ ಓಟಗಾರ, ಸುಲಭಕ್ಕೆ ಬಿಡಲಿಲ್ಲ. ಹೆಗಲಿಗೆ ಹೆಗಲು ಕೊಟ್ಟು ಇಬ್ಬರೂ ಹತ್ತಿದರು. ಜೀಪಿನಿಂದ ಚಾಚಿದ ಗ್ಲುಕೋಸಿನ ಬಾಟ್ಲಿಯನ್ನು ಸರ್ವೋತ್ತಮ ಒಮ್ಮೆ ಅಚ್ಚುತನ ಕಡೆಗೂ ಹಿಡಿದ. ಅಚ್ಚುತ ತಲೆ ಅಲ್ಲಾಡಿಸಿದ, ಈ ಸಲ ಸಂಕಟವಿಲ್ಲದೆ. ಚಡಾವಿನ ತುದಿಯಲ್ಲಿ ಕೆಂಪುಕಲ್ಲು ಹೊತ್ತ ಕಾಲುಗಳು ತಮ್ಮ ಕೆಲಸ ಶುರುಮಾಡಿದವು. ಪುತ್ತೂರಿನ ಪೇಟೆ, ಜನ, ಸೀಟಿ, ಕಿಲ್ಲೆ ಮೈದಾನದ ಹಗ್ಗ. ಹಗ್ಗ ಎದೆಗೆ ತಾಗಿದಾಗ ಅವನ ಮುಂದೆ ಖಾಲಿ ಮೈದಾನ ಬಿಟ್ಟು ಬೇರೆ ಏನೂ ಇರಲಿಲ್ಲ.

ಮೈಕಿನವನು ಬಂದು ಹೆಸರು ಕೇಳಿದ. ಗೊತ್ತಿಲ್ಲದೆ ಕೇಳಿದ್ದಲ್ಲ.

"ಕಳೆದ ವರ್ಷ ನೀವೇ ಇಟ್ಟದ್ದು ಉಂಟಲ್ಲ," ಎಂದ ಅಚ್ಚುತ. "ಅದನ್ನೇ ಹೇಳಿ."

ಮೈಕಿನವನು ಹೇಳಿದ. ಜನ ನಕ್ಕರು, ಆದರೆ ನಕ್ಕವರೇ ಚಪ್ಪಾಳೆಯನ್ನೂ ತಟ್ಟಿದರು. ಚಪ್ಪಾಳೆ ನಗುವನ್ನು ಮುಚ್ಚಿಹಾಕಿತು. ಸಂಘಟಕರು ಮೂಸಂಬಿ ರಸದ ಗ್ಲಾಸು ತಂದು ಮುಂದೆ ಹಿಡಿದರು. ಅಚ್ಚುತ ಮುಟ್ಟಲಿಲ್ಲ. ದಾರಿಯಲ್ಲಿ ಮಾತು ಕೊಟ್ಟು ಬಂದಿದ್ದೇನೆ, ಮೊದಲು ಅದು ಎಂದ.

ಸಂಜೆ ಬಸ್ಸಿನಲ್ಲಿ ಕುಂಬ್ರದಲ್ಲಿ ಇಳಿಯದೆ ನೇರ ಕಾವಿಗೆ ಹೋದ. ಸೀತು ಅತ್ತೆ ಜಗಲಿಯಲ್ಲಿ ಬೆನ್ನು ಹಾಕಿ ಕೂತಿದ್ದಳು. ಅವನು ಓಟದಲ್ಲಿ ಗೆದ್ದ ಕಪ್ಪನ್ನು ಅವಳ ಕಾಲ ಬಳಿ ಇಟ್ಟ, ತಾನೂ ಕೆಳಗೆ ಕೂತ.

"ಬಿಸಿಲು ಹೋಯಿತು," ಎಂದಳು ಅತ್ತೆ, ತಿರುಗದೆ. "ಈಗ ನಿನಗೆ ಎಂತಕ್ಕೆ ಪಾನಕ?"

"ಬರುವಾಗ ಕುಡಿತೇನೆ ಅಂತ ಹೇಳಿದ್ದೆ. ಬಂದಿದ್ದೇನೆ."

ಅವಳು ಎದ್ದು ಒಳಗೆ ಹೋದಳು. ಬೆಳಗಿನ ಅದೇ ಚೊಂಬು, ಬಾಯಿಗೆ ಬಾಳೆ ಎಲೆ ಮುಚ್ಚಿ ಹಾಗೆಯೇ ಇಟ್ಟಿದ್ದಳು, ಚೆಲ್ಲಿರಲಿಲ್ಲ. ಅವನು ತಲೆಯೆತ್ತಿ, ಒಂದು ಹನಿ ಬಿಡದೆ ಕುಡಿದ. ಖಾಲಿ ಚೊಂಬನ್ನು ತೆಗೆದುಕೊಳ್ಳುವಾಗ ಅತ್ತೆ ಇನ್ನೊಂದು ಕೈಯಲ್ಲಿ ಕಪ್ಪನ್ನೂ ಎತ್ತಿ, ಸೆರಗಿನಿಂದ ಒರೆಸಿ, ಅಣ್ಣ ನೋಡಬೇಕಿತ್ತು ಎಂದಳು.

ಅಲ್ಲಿಂದ ಮುಂದಿನ ಮನೆ. ಮಜ್ಜಿಗೆ. ಆಮೇಲೆ ಜೈನಬಮ್ಮನ ಶರಬತ್ತು. ಯಾವ ಮನೆಯನ್ನೂ ಬಿಡಲಿಲ್ಲ, ಎಲ್ಲಿಯೂ ಅರ್ಧಕ್ಕೆ ಇಡಲಿಲ್ಲ. ಕುಂಬ್ರ ತಲುಪುವಾಗ ಹೊಟ್ಟೆ ಡೋಲಿನಂತೆ ಬಿಗಿದಿತ್ತು. ಸೋಡಾ ಅಂಗಡಿಯ ಬೆಂಚಿನಲ್ಲಿ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಪೋಕರನ ಪಕ್ಕ ಅವನು ಹೊಟ್ಟೆ ಹಿಡಿದುಕೊಂಡೇ ಕೂತ. ಪೋಕರ್ ಅವನನ್ನು ಮೇಲಿಂದ ಕೆಳಗೆ ನೋಡಿ, ವಾಂತಿ ಮಾಡುವುದಾದರೆ ಆಚೆ ಹೋಗು, ಈ ಜಾಗ ಇನ್ನು ಮರ್ಯಾದೆಯ ಜಾಗ ಎಂದ.

ಮನೆಯಲ್ಲಿ ಸುಂದರಿ ಪಾತ್ರೆಯನ್ನು ಬೂದಿ ಹಾಕಿ ಬೆಳಗಿ, ಪಾತ್ರೆಗಳ ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ, ಬಾಗಿಲಿನಿಂದ ಕಾಣುವ ಹಾಗೆ ಇಟ್ಟಿದ್ದಳು. ಮಗ ಒಳಗೆ ಬಂದಾಗ ಅವಳು ಗಂಜಿ ಬಡಿಸಲಾ ಎಂದು ಕೇಳಿದಳು. ಅಚ್ಚುತ ಗೋಡೆಗೆ ಒರಗಿ, ಬಾಯಿ ತೆರೆದರೆ ಎಲ್ಲಿ ಪಾನಕ ಬಂದೀತೋ ಎಂದು ಹೆದರಿ, ಬೇಡ ಎಂದು ಕೈಯಲ್ಲೇ ತೋರಿಸಿದ.