ಮುರುಗೆಪ್ಪನವರ ಮಷೀನು ಜಪಾನಿಗೆ ಹೊರಟಿತು

ಪುಣೆಯ ಸ್ವಾರಗೇಟ್ ಹತ್ತಿರ ಬಟ್ಟೆ ಅಂಗಡಿ ಇಟ್ಟಿರುವ ಮುರುಗೆಪ್ಪನವರಿಗೆ ದಮ್ಮು. ಉಸಿರು ಕಟ್ಟಿದಾಗ ನೆಬ್ಯುಲೈಜರ್ ಬೇಕೇ ಬೇಕು. ಔಷಧವನ್ನು ಹಬೆಯಂತೆ ಮಾಡಿ ಉಸಿರಿಗೆ ಕೊಡುವ ಚಿಕ್ಕ ಮಷೀನು ಅದು. ವ್ಯಾಪಾರಿ ಗೆಳೆಯರೆಲ್ಲ ಜಪಾನ್ ಪ್ರವಾಸಕ್ಕೆ ಹೊರಟಾಗ ಅವರೂ ಹೆಂಡತಿ ಪಾರವ್ವನ ಜೊತೆ ತಯಾರಾದರು. ಶೇಂಗಾ ಹಿಂಡಿ, ಕಡಕ್ ರೊಟ್ಟಿಗಳ ಜೊತೆ ಮಷೀನೂ ಬ್ಯಾಗು ಸೇರಿತು.

ಪಕ್ಕದ ಮನೆಯ ಶೈಲಾ ಕಾರ್ಖಾನೆಯೊಂದರಲ್ಲಿ ವಿದ್ಯುತ್ ಎಂಜಿನಿಯರ್. ತಯಾರಿ ನೋಡಲು ಬಂದವಳು ಕೇಳಿದಳು, “ಕಾಕಾ, ಈ ಮಷೀನು ಅಲ್ಲಿ ನಡೀತದೇನ್ರಿ?”

“ಯಾಕ ನಡ್ಯಾಂಗಿಲ್ಲ? ಅಡಾಪ್ಟರ್ ತಂದೀನಿ. ಅದೂ ಕೂಡಲಿಲ್ಲಂದ್ರ ವೈರ್ ಬಿಚ್ಚಿ, ಕಡ್ಡಿ ಸಿಗಿಸಿ ಸಾಕೆಟ್ಟಿನ್ಯಾಗ ತುರುಕಿದ್ರಾತು. ಅಂಗಡ್ಯಾಗ ಹಂಗೇ ಫ್ಯಾನ್ ತಿರುಗಸ್ತೀನಿ!” ಎಂದರು ಮುರುಗೆಪ್ಪ.

ಇದರಲ್ಲಿ ಹೆಮ್ಮೆಪಡುವಂಥದ್ದು ಏನಿದೆಯೋ! ಜೀವಕ್ಕೇ ಕುತ್ತು ತರುವ ಕೆಲಸ ಅದು.

“ಅದನ್ನ ಇಲ್ಲೂ ಮಾಡಬ್ಯಾಡ್ರಿ, ಅಲ್ಲೂ ಮಾಡಬ್ಯಾಡ್ರಿ,” ಎಂದಳು ಶೈಲಾ. “ಅಡಾಪ್ಟರ್ ಪಿನ್ನಿನ ಆಕಾರ ಅಷ್ಟ ಬದಲಿ ಮಾಡ್ತದ. ವೋಲ್ಟೇಜ್ ಬದಲಿ ಮಾಡೂದಿಲ್ಲ. ನಮ್ಮಲ್ಲಿ ಇನ್ನೂರಾ ಮೂವತ್ತು ವೋಲ್ಟ್. ಜಪಾನ್‌ದಾಗ ಬರೇ ನೂರು.”

ಮಷೀನು ತಿರುಗಿಸಿ ಹಿಂದಿನ ಚೀಟಿ ತೋರಿಸಿದಳು. 230V ಎಂದಿತ್ತು. ಮೊಬೈಲ್ ಚಾರ್ಜರ್ ಮೇಲೆ 100-240V ಎಂದಿತ್ತು. “ನೋಡ್ರಿ, ಚಾರ್ಜರ್ ನಡೀತದ. ಮಷೀನು ನಡ್ಯಾಂಗಿಲ್ಲ.”

“ಕರೆಂಟ್ ಅಂದ್ರ ಕರೆಂಟ್ ಬಿಡವಾ. ಸ್ವಲ್ಪ ಮೆಲ್ಲಕ ನಡದೀತು.”

ಪಾರವ್ವ ರೊಟ್ಟಿ ಕಟ್ಟುವುದನ್ನು ಬಿಟ್ಟು ಎದ್ದಳು. “ಊರಾಗ ಭಾವಾರ ಮನ್ಯಾಗ ಏನಾತು, ಮರತ್ರೇನು? ವೋಲ್ಟೇಜ್ ಬಿದ್ದು ಮಷೀನು ಗುಂಯ್ ಅಂತು, ಹಬಿ ಬರಲೇ ಇಲ್ಲ. ನಿಮ್ಮ ತುಟಿ ನೀಲಿ ಆಗಿತ್ತು. ಜೀಪಿನಾಗ ದವಾಖಾನಿ ಮುಟ್ಟೂತನಾ ನನ್ನ ಜೀವ ಬಾಯಿಗೆ ಬಂದಿತ್ತು. ಜಪಾನ್‌ದಾಗ ನಾ ಯಾವ ಭಾಷ್ಯಾಗ ಜೀಪ್ ಕರೀಲಿ?”

ಹೆಂಡತಿಯ ಕಣ್ಣಲ್ಲಿ ನೀರು ಕಂಡು ಮುರುಗೆಪ್ಪನವರಿಗೂ ಹೆದರಿಕೆಯಾಯಿತು. “ಹಂಗಾರ ಟೂರ್ ಬಿಡೂದೇನು?” ಎಂದರು ಮೆಲ್ಲಗೆ.

“ಬಿಡೂದ್ಯಾಕ್ರಿ? ನೂರರಿಂದ ಇನ್ನೂರಾ ನಲವತ್ತರ ತನಕ ನಡ್ಯೂವಂಥಾ, ಬ್ಯಾಟರಿ ಇರೂವಂಥಾ ಮಷೀನು ಸಿಗ್ತಾವ. ಡಾಕ್ಟರನ್ನ ಕೇಳಿ ತಗೋರಿ. ಮದಲ ಮನ್ಯಾಗ ನಡಿಸಿ ನೋಡ್ರಿ. ವಿಮಾನದಾಗ ಕೈಚೀಲದಾಗ ಇಟ್ಕೋರಿ.”

ಮರುದಿನವೇ ಇಬ್ಬರೂ ಡಾಕ್ಟರ ಬಳಿ ಹೋದರು. ಅವರು ಹೇಳಿದ ಮಷೀನನ್ನೇ ತಂದು ನಡೆಸಿ ನೋಡಿದರು.

ಜಪಾನಿನಲ್ಲಿ ಒಂದು ಬೆಳಿಗ್ಗೆ ಚಳಿಗೆ ಮುರುಗೆಪ್ಪನವರ ಉಸಿರು ಕಟ್ಟಿಯೇ ಬಿಟ್ಟಿತು. ಸ್ವಲ್ಪ ಹೊತ್ತಿಗೆ ಶೈಲಾಳ ಫೋನು ರಿಂಗಾಯಿತು. ಆ ಕಡೆ ಪಾರವ್ವ ಅಳುತ್ತ ನಗುತ್ತಿದ್ದಳು. “ಹಬಿ ಬಂತವಾ ಶೈಲಾ. ಈಗ ಕುಂತು ಚಹಾ ಕುಡ್ಯಾಕತ್ತಾರ.”

ನೀವೂ ಪರದೇಶಕ್ಕೆ ಹೊರಟಿದ್ದೀರಾ? ಅಲ್ಲಿ ಯಾವ ಪಿನ್ನು, ಎಷ್ಟು ವೋಲ್ಟೇಜು ಎಂದು ಮೊದಲೇ ಕೇಳಿಕೊಳ್ಳಿ. ನಿಮ್ಮ ಯಂತ್ರದ ಚೀಟಿಯ ಅಂಕಿಗಳೊಳಗೆ ಆ ವೋಲ್ಟೇಜು ಬರದಿದ್ದರೆ ಅಡಾಪ್ಟರನ್ನು ನಂಬಿ ಕೂರಬೇಡಿ. ಬಿಚ್ಚಿದ ವೈರನ್ನು ಎಲ್ಲಿಯೂ ತುರುಕಬೇಡಿ. ಬ್ಯಾಗಿನ ಬಾಯಿ ಮುಚ್ಚುವ ಮೊದಲು ಆ ಚೀಟಿ ಓದಿ. ನಿಮ್ಮವರ ಜೀವ ಅದರಲ್ಲಿರಬಹುದು.