ಎಡಗಡೆಯ ಜಾಗ

"ಅಕ್ಕಾ, ಇವತ್ತು ಎಡಗಡೆ ನಾನು ಕೂತ್ಕೊಳ್ಲಾ?"

ಡ್ಯೂಟಿ ಮುಗಿಸಿ ಬಂದ ಅಕ್ಕ ಯೂನಿಫಾರ್ಮ್ ಕೂಡ ಬದಲಿಸಿರಲಿಲ್ಲ. ರೈಲು ಓಡಿಸುವ ಕೆಲಸ ಸಿಕ್ಕಿ ಇನ್ನೂ ವರ್ಷ ತುಂಬಿಲ್ಲ. ತಂಗಿಯ ಮುಖವನ್ನು ಒಮ್ಮೆ ನೋಡಿ ಸೋಫಾದ ಬಲಕ್ಕೆ ಸರಿದಳು. "ಕೂತ್ಕೋ ಬಾ ತಾಯಿ. ಜಾಗ ಬದ್ಲಾದ್ರೆ ಕೈ ಬದ್ಲಾಗುತ್ತಾ?"

ಪಕ್ಕದ ಕೋಣೆಯಲ್ಲಿ ಅಮ್ಮ. ಲಕ್ವ ಹೊಡೆದ ಮೇಲೆ ಮಗ್ಗುಲು ಹೊರಳುವುದಕ್ಕೂ ಇನ್ನೊಬ್ಬರ ಕೈ ಬೇಕು. ಆಳಿಟ್ಟು ನೋಡಿದ್ದಾಯಿತು, ಬೇರೆಯವರ ಕೈತುತ್ತಿಗೆ ಅವಳು ಬಾಯಿಯನ್ನೇ ತೆರೆಯಲಿಲ್ಲ. ಇಬ್ಬರಲ್ಲಿ ಒಬ್ಬಳು ಕೆಲಸ ಬಿಡಲೇಬೇಕು. ಯಾರು ಎಂಬುದನ್ನು, ಚಿಕ್ಕಂದಿನಿಂದ ಎಲ್ಲವನ್ನೂ ತೀರ್ಮಾನಿಸಿದ ಆ ಹಳೆಯ ಹೊಡೆದಾಟದ ವಿಡಿಯೋ ಗೇಮೇ ತೀರ್ಮಾನಿಸಬೇಕಿತ್ತು; ಸೋತವಳು ಬಿಡುವುದು. ಇಂಥ ವಿಷಯಕ್ಕೂ ಆಟವೇ ಎಂದು ಹುಬ್ಬೇರಿಸುವವರು ಏರಿಸಲಿ. ಮಾತಿಗೆ ಕೂತಿದ್ದರೆ ಇಬ್ಬರೂ "ನಾನೇ ಬಿಡ್ತೀನಿ" ಅನ್ನುತ್ತಿದ್ದರು, ಇಬ್ಬರೂ ಒಳಗೊಳಗೇ ಸಾಯುತ್ತಿದ್ದರು.

ತಂಗಿಗೆ ಗೇಮ್ ಕಂಪನಿಯಲ್ಲಿ ತಪ್ಪು ಹುಡುಕುವ ಕೆಲಸ. ಕಳೆದ ವಾರ ಊಟದ ಬಿಡುವಿನಲ್ಲಿ ಈ ಹಳೆಯ ಆಟವನ್ನೇ ಕೆದಕಿ ನೋಡಿದ್ದಳು. ಎರಡು ಏಟು ಒಂದೇ ಕ್ಷಣಕ್ಕೆ ತಗುಲಿದರೆ ಅದು ಮೊದಲು ಎಡಗಡೆಯವನ ಏಟನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಅದರಿಂದ ಬಲಗಡೆಯವನು ಸತ್ತನೋ, ಅವನ ಏಟು ಲೆಕ್ಕಕ್ಕೇ ಇಲ್ಲ. ಎಡಗಡೆ ಯಾವಾಗಲೂ ಅಕ್ಕ. ಕಿಟಕಿ ಪಕ್ಕದ ಹಾಸಿಗೆ, ಹೊಸ ಸೈಕಲ್ಲು, ಎಲ್ಲ ಹಾಗೇ ಅವಳ ಪಾಲಾಗಿದ್ದವು. ಅವತ್ತು ತಂಗಿಗೆ ಹೊಟ್ಟೆ ಉರಿದುಹೋಗಿತ್ತು.

ಕೊನೆಯ ಸುತ್ತು ಬಂತು. ಪರದೆಯ ಮೇಲೆ ಇಬ್ಬರ ಆಟಗಾರರಲ್ಲೂ ಕೂದಲೆಳೆಯಷ್ಟು ಜೀವ. ಅಕ್ಕ ಯಾವಾಗ ಒದೆಯುತ್ತಾಳೆಂಬುದು ತಂಗಿಗೆ ಬಾಯಿಪಾಠ. ಸರಿಯಾಗಿ ಅದೇ ಗಳಿಗೆಗೆ ತಾನೂ ಗುಂಡಿ ಒತ್ತಿದಳು. ಎರಡು ಕಾಲೂ ಒಟ್ಟಿಗೇ ಎದೆಗೆ ಬಡಿದವು. ಅಕ್ಕನ ಕಡೆಯವನು ಮಾತ್ರ ನೆಲ ಕಚ್ಚಿದ.

"ಸೋತೆ ಬಿಡು," ಎಂದಳು ಅಕ್ಕ. "ನಾಳೆ ಡಿಪೋಗೆ ಹೋಗಿ ಹೇಳಿ ಬರ್ತೀನಿ."

ತಂಗಿ ಅಂದುಕೊಂಡಿದ್ದ ಖುಷಿ ಬರಲೇ ಇಲ್ಲ. "ನಿನ್ನ ಒದೆನೂ ಬಿತ್ತಕ್ಕಾ. ಈ ಗೇಮು ಎಡಗಡೆಯವರನ್ನೇ ಮೊದ್ಲು ನೋಡೋದು. ನಂಗೆ ಗೊತ್ತಿತ್ತು. ಗೊತ್ತಿದ್ದೇ ಮೋಸ ಮಾಡ್ದೆ."

"ಗೊತ್ತು ಕಣೇ."

"ಏನ್ ಗೊತ್ತು?"

"ಸೈಕಲ್ ಗೆದ್ನಲ್ಲ, ಅವತ್ತಿಂದ ಗೊತ್ತು. ಇಲ್ದಿದ್ರೆ ಆ ಜಾಗಕ್ಕೆ ನಿನ್ ಜೊತೆ ಅಷ್ಟೊಂದು ಜಗಳ ಆಡ್ತಿದ್ನಾ?"

ಒಳಗೆ ಅಮ್ಮ ನರಳಿದ್ದು ಕೇಳಿಸಿತು.

"ಬಂದೆ ಅಮ್ಮಾ," ಎಂದು ಅಕ್ಕ ಎದ್ದಳು. "ಬಾರೇ, ಕಾಲಿನ ಕಡೆ ಹಿಡ್ಕೋ."

ಮಂಚದ ಮೇಲೆ ಬಾಗುವ ಮುಂಚೆ, ಅಮ್ಮನ ಕೆನ್ನೆಗೆ ತರಚೀತೆಂದು, ಅಕ್ಕ ತನ್ನ ಎದೆಯ ಮೇಲಿನ ಹಿತ್ತಾಳೆ ಬ್ಯಾಡ್ಜು ಬಿಚ್ಚಿ ಔಷಧಿ ಬಾಟಲಿಗಳ ಪಕ್ಕದಲ್ಲಿಟ್ಟಳು.